ಠ ಎಂಬ ಹಾರುವ ತಟ್ಟೆ

ಕಳೆದ ತಿಂಗಳ ನಮ್ಮ ಕೂಟದಲ್ಲಿ ಕಥಾವಾಚನ ನಡೆಯಲಿಲ್ಲ. ದಪ್ಪ ಗಾಜಿನ ಹಳೆಯ ಟಿ.ವಿ.ಯೊಂದನ್ನು ಮೇಜಿನ ಮೇಲಿಟ್ಟು, ಅದಕ್ಕೊಂದು ಹಳೆಯ ಮನೆ-ಕಂಪ್ಯೂಟರನ್ನು ಜೋಡಿಸಿ, ಇಡೀ ಸಂಜೆ ಬಾಹ್ಯಾಕಾಶದ ಶತ್ರುಗಳನ್ನು ಹೊಡೆದುರುಳಿಸುವುದರಲ್ಲಿ ಕಳೆದೆವು. ನಮ್ಮ ಹಿರಿಯ ಸದಸ್ಯರೊಬ್ಬರು ಸ್ವಲ್ಪ ಹೊತ್ತು ನೋಡಿದರು, ಚಹಾ ಮುಗಿಸಿದರು, ಆಮೇಲೆ ಕೇಳಿಯೇಬಿಟ್ಟರು: "ತಿಂಗಳಿಗೆ ಎರಡು ತಾಸು ಕನ್ನಡಕ್ಕ ಸಿಗ್ತಾವ. ಅದನ್ನೂ ಹಿಂಗ ಕಳೀಬೇಕೇನ್ರಿ?"

ಪ್ರಶ್ನೆ ನ್ಯಾಯವಾದದ್ದೇ. ಹೊರನಾಡಿನಲ್ಲಿರುವವರಿಗೆ ಕನ್ನಡದ ಹೊತ್ತು ಎಂಬುದು ಅಳೆದು ಸುರಿಯುವ ಎಣ್ಣೆಯಂಥದು. ಅದನ್ನು ಆಟಕ್ಕೆ ಸುರಿದವರು ಉತ್ತರ ಹೇಳಲೇಬೇಕು. ಅಂದು ಬಾಯಿಮಾತಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೋಥರೂಡಿನ ಹಳೆಯ ಸೊಸೈಟಿಯೊಂದು ಮರುನಿರ್ಮಾಣಕ್ಕೆ ಹೋಗುವುದಿತ್ತು. ಪುಣೆಯಲ್ಲಿರುವವರಿಗೆ ಇದು ಪರಿಚಿತ ದೃಶ್ಯ: ನಾಲ್ಕು ದಶಕದ ಸಂಸಾರವನ್ನು ಒಂದೇ ವಾರದಲ್ಲಿ ಖಾಲಿ ಮಾಡಬೇಕು, ಬಾಗಿಲಲ್ಲಿ ರದ್ದಿವಾಲಾ ತಕ್ಕಡಿ ಹಿಡಿದು ನಿಂತಿರುತ್ತಾನೆ. ಅಲ್ಲಿದ್ದ ಕನ್ನಡ ಕುಟುಂಬವೊಂದು ತಮ್ಮ ಪುಸ್ತಕಗಳನ್ನು ಒಯ್ಯಲು ನಮ್ಮನ್ನು ಕರೆದಿತ್ತು. ಕಾದಂಬರಿಗಳು, ಹಳೆಯ ಮಾಸಿಕಗಳ ಕಟ್ಟು, ಭಾವಗೀತೆಗಳ ಕ್ಯಾಸೆಟ್ಟುಗಳು. ಅಟ್ಟದ ಮೂಲೆಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಕಪ್ಪು ಪೆಟ್ಟಿಗೆಯೊಂದೂ ಇತ್ತು. ಬಿಚ್ಚಿ ನೋಡಿದರೆ ಡಿಬಿ ಸ್ಪೆಕ್ಟ್ರಮ್ ಪ್ಲಸ್.

ಕಿರಿಯ ಓದುಗರಿಗಾಗಿ ಒಂದೆರಡು ಮಾತು. ಬ್ರಿಟನ್ನಿನ ಸಿಂಕ್ಲೇರ್ ರಿಸರ್ಚ್ ಸಂಸ್ಥೆ 1982ರಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಅಗ್ಗದ ಮನೆ-ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅದರ ಪರಿಷ್ಕೃತ ರೂಪವಾದ ಸ್ಪೆಕ್ಟ್ರಮ್ ಪ್ಲಸ್ ಅನ್ನು 1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆ ಪರವಾನಗಿ ಪಡೆದು ಭಾರತದಲ್ಲಿ ಮಾರಿತು. ಒಳಗೆ ಝಡ್80 ಪ್ರೊಸೆಸರ್, 48 ಕಿಲೋಬೈಟ್ ಸ್ಮರಣೆ. ಇಂದು ಮೊಬೈಲಿನಲ್ಲಿ ನಾವು ತೆಗೆಯುವ ಒಂದು ಚಿತ್ರವೂ ಅದರಲ್ಲಿ ಹಿಡಿಸದು. ಪರದೆಯೆಂದರೆ ಮನೆಯ ಟಿ.ವಿ.; ಕಾರ್ಯಕ್ರಮಗಳನ್ನು ಕಾದಿಡುವ ಪೆಟ್ಟಿಗೆಯೆಂದರೆ ಮನೆಯ ಟೇಪ್ ರೆಕಾರ್ಡರ್.

ಅದನ್ನು ಮತ್ತೆ ಉಸಿರಾಡಿಸುವುದು ಸುಲಭವಾಗಲಿಲ್ಲ. ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ರಿಪೇರಿಯವರೊಬ್ಬರು ಒಣಗಿಹೋಗಿದ್ದ ಕೆಪಾಸಿಟರುಗಳನ್ನು ಬದಲಿಸಿ, ಹೊಸ ಅಡಾಪ್ಟರ್ ಕಟ್ಟಿಕೊಟ್ಟರು. ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ಕೀಲಿಮಣೆಯ ಒಳಗಿನ ಪ್ಲಾಸ್ಟಿಕ್ ಹಾಳೆ ಮುಟ್ಟಿದರೆ ಹಪ್ಪಳದಂತೆ ಮುರಿಯಿತು. ಅಂಥ ಹಾಳೆಗಳನ್ನು ಇಂದಿಗೂ ಹೊಸದಾಗಿ ಮಾಡಿ ಮಾರುವ ಹವ್ಯಾಸಿಗಳು ಪರದೇಶದಲ್ಲಿದ್ದಾರೆ, ತರಿಸಿಕೊಂಡೆವು. ಇಷ್ಟೆಲ್ಲ ಆದಮೇಲೆ ಬಿಳಿಯ ಪರದೆಯ ಅಡಿಯಲ್ಲಿ 1982ರ ಹಕ್ಕುಸ್ವಾಮ್ಯದ ಸಾಲು ಮೂಡಿದಾಗ ಐವತ್ತು ದಾಟಿದ ಮೂವರು ಒಟ್ಟಿಗೆ ಚಪ್ಪಾಳೆ ತಟ್ಟಿದ್ದನ್ನು ಮುಚ್ಚಿಡುವುದೇಕೆ?

ಮೊದಲು ಆಡಿದ್ದು ಜೆಟ್‌ಪ್ಯಾಕ್. ಸ್ಟ್ಯಾಂಪರ್ ಸಹೋದರರ ಅಲ್ಟಿಮೇಟ್ ಸಂಸ್ಥೆ 1983ರಲ್ಲಿ ಹೊರತಂದ ಆಟ. 16 ಕಿಲೋಬೈಟಿನ ಯಂತ್ರದಲ್ಲೂ ನಡೆಯುತ್ತಿತ್ತು. ಬೆನ್ನಿಗೆ ಹಾರುವ ಯಂತ್ರ ಕಟ್ಟಿಕೊಂಡ ಪುಟ್ಟ ಮನುಷ್ಯ ಬಿಡಿಭಾಗಗಳನ್ನು ಹೊತ್ತು ತಂದು ರಾಕೆಟ್ ಕಟ್ಟಬೇಕು, ಇಂಧನ ತುಂಬಬೇಕು. ಅಡ್ಡ ಬರುವ ವಿಚಿತ್ರ ಜೀವಿಗಳನ್ನು ಬಣ್ಣಬಣ್ಣದ ಕಿರಣದಿಂದ ಸುಡಬೇಕು. ಮುಂದಿನ ಗ್ರಹಕ್ಕೆ ಹಾರಬೇಕು. ಅಲ್ಲಿಯೂ ಅದೇ ಕೆಲಸ. ಇದು ಶ್ರೇಷ್ಠ ಕಲೆಯೆಂದು ನಾವು ವಾದಿಸುತ್ತಿಲ್ಲ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ನಮ್ಮಲ್ಲಿಯೇ ಇಬ್ಬರು ಆಕಳಿಸಿದರು.

ಆದರೂ ಆ ಕಾಲದ ಆಟಗಳು ಅಷ್ಟೊಂದು ಸಂಖ್ಯೆಯಲ್ಲಿ ಬಾಹ್ಯಾಕಾಶಕ್ಕೇ ಏಕೆ ಹೋದವು ಎಂಬುದು ಯಂತ್ರದ ಮುಂದೆ ಕುಳಿತಾಗ ಚೆನ್ನಾಗಿ ತಿಳಿಯುತ್ತದೆ. ಸ್ಪೆಕ್ಟ್ರಮ್ಮಿನ ಪರದೆಯನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕಗಳಾಗಿ ವಿಂಗಡಿಸಲಾಗಿದೆ. ಅಡ್ಡಕ್ಕೆ 32, ಉದ್ದಕ್ಕೆ 24. ಒಂದು ಚೌಕದಲ್ಲಿ ಎರಡೇ ಬಣ್ಣ ಇರಬಹುದು. ಹಸಿರು ಮರದ ಮುಂದೆ ಕೆಂಪಂಗಿಯವನು ನಡೆದರೆ ಮರದ ತುಂಡೊಂದು ಕೆಂಪಾಗುತ್ತದೆ, ಇಲ್ಲವೇ ಅಂಗಿ ಹಸಿರಾಗುತ್ತದೆ. ಕಪ್ಪು ಆಕಾಶದಲ್ಲಿ ಈ ಪೇಚಾಟ ಬಹುಪಾಲು ಮರೆಯಾಗುತ್ತದೆ. ಚಿತ್ರಿಸಲು ಮರವಿಲ್ಲ, ಮನೆಯಿಲ್ಲ, ಸ್ಮರಣೆಯೂ ಉಳಿಯಿತು. ಭವಿಷ್ಯದ ಕನಸು, ಚಂದ್ರಯಾನದ ಮೋಹ ಎಲ್ಲವೂ ಇದ್ದಿರಬಹುದು, ಆದರೆ ಬಡವನ ಮನೆಗೆ ಬಾಹ್ಯಾಕಾಶವೇ ಅಗ್ಗದ ರಂಗಸಜ್ಜಿಕೆಯಾಗಿತ್ತು ಎಂಬುದೂ ಅಷ್ಟೇ ನಿಜ. ನಮ್ಮ ಬಯಲಾಟದವರು ಒಂದು ಮಂಚ, ಒಂದು ಪರದೆಯಲ್ಲಿ ಇಂದ್ರನ ಆಸ್ಥಾನ ಕಟ್ಟಿದ ಹಾಗೆ.

ಇಂಥದೇ ಇನ್ನೊಂದು ಸಂಗತಿ. ಈ ಬಗೆಯ ಆಟಗಳ ಮೂಲಪುರುಷನೆನ್ನಬಹುದಾದ ಸ್ಪೇಸ್ ಇನ್ವೇಡರ್ಸ್ ಅನ್ನು ಜಪಾನಿನ ಟೈಟೊ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾಡೊ 1978ರಲ್ಲಿ ರೂಪಿಸಿದರು. ಐದು ಸಾಲುಗಳಲ್ಲಿ 55 ಶತ್ರುಗಳು. ಅಷ್ಟನ್ನೂ ಚಿತ್ರಿಸುವುದು ಅಂದಿನ ಪ್ರೊಸೆಸರಿಗೆ ಭಾರವಾಗಿದ್ದರಿಂದ ಅವು ಮೊದಮೊದಲು ನಿಧಾನವಾಗಿ ಸರಿಯುತ್ತಿದ್ದವು. ಸಾಯುತ್ತ ಬಂದ ಹಾಗೆ ಹೊರೆ ಇಳಿದು ಉಳಿದವು ಓಡತೊಡಗಿದವು. ನಿಶಿಕಾಡೊ ಅದನ್ನು ತಿದ್ದಲು ಹೋಗಲಿಲ್ಲ. ಆಟಗಾರನ ಎದೆ ಹೊಡೆದುಕೊಳ್ಳುವಂತೆ ಮಾಡಿದ ಆ ವೇಗ ಯಂತ್ರದ ದೌರ್ಬಲ್ಯದಿಂದ ಹುಟ್ಟಿದ್ದು.

ಇಷ್ಟಕ್ಕೇ ಆಗಿದ್ದರೆ ನಮ್ಮ ಹಿರಿಯರ ಪ್ರಶ್ನೆಗೆ ಉತ್ತರವಿರಲಿಲ್ಲ. ಜೆಟ್‌ಪ್ಯಾಕ್ ಆಡಲು ಯಾರೂ ಅಟ್ಟ ಹತ್ತಬೇಕಾಗಿಲ್ಲ. ಸ್ಪೆಕ್ಟ್ರಮ್ಮಿನ ಸಾವಿರಾರು ಆಟಗಳನ್ನು ಪರದೇಶದ ಆಸಕ್ತರು ಅಂತರ್ಜಾಲದಲ್ಲಿ ಕಾಪಿಟ್ಟಿದ್ದಾರೆ. ಲ್ಯಾಪ್‌ಟಾಪಿನಲ್ಲಿ, ಮೊಬೈಲಿನಲ್ಲಿ ಆ ಯಂತ್ರದ ಸೋಗು ಹಾಕುವ ಎಮ್ಯುಲೇಟರುಗಳಿವೆ. ಹಳೆಯ ಟಿ.ವಿ.ಯಲ್ಲಿ ಆಡಿದರೇನೇ ಆಟ ಎನ್ನುವ ಮಡಿವಂತಿಕೆ ನಮಗಿಲ್ಲ.

ಆದರೆ ಆ ಸೀರೆಯ ಗಂಟಿನಲ್ಲಿ ಗಣಿತದ ಚೌಕಳಿ ನೋಟ್‌ಬುಕ್ ಒಂದಿತ್ತು; ಮೇಲೆ 1988 ಎಂದು ಬರೆದಿತ್ತು. ಆ ಮನೆಯ ಅಕ್ಕ-ತಮ್ಮ ಇಬ್ಬರದು. ಶಾಲೆಯಲ್ಲಿ ಮರಾಠಿ ಮತ್ತು ಇಂಗ್ಲಿಷ್, ಮನೆಯಲ್ಲಿ ಧಾರವಾಡದ ಕನ್ನಡ, ಅದೂ ಮಾತಿಗಷ್ಟೇ; ಓದಲು ಬರೆಯಲು ಅಜ್ಜಿ ಬೇಸಿಗೆ ರಜೆಯಲ್ಲಿ ಕಲಿಸಿದಷ್ಟು. ಪುಟ ತುಂಬ ಎಂಟು-ಎಂಟರ ಚೌಕಗಳಲ್ಲಿ ಪೆನ್ಸಿಲಿನಿಂದ ತುಂಬಿದ ಚಿತ್ರಗಳು. ಸ್ಪೆಕ್ಟ್ರಮ್ ತನ್ನನ್ನು ಬಳಸುವವರಿಗೆ 21 ಖಾಲಿ ಆಕೃತಿಗಳನ್ನು ಬಿಟ್ಟುಕೊಡುತ್ತಿತ್ತು: ಚೌಕ ತುಂಬಿದಲ್ಲಿ ಒಂದು, ಖಾಲಿಯಿದ್ದಲ್ಲಿ ಸೊನ್ನೆ, ಎಂಟು ಸಾಲುಗಳನ್ನು ಹೀಗೆ ಬರೆದು ಯಂತ್ರಕ್ಕೆ ಉಣಿಸಿದರೆ ನಿಮ್ಮದೇ ಆಕೃತಿ ಪರದೆಯ ಮೇಲೆ ಮೂಡುತ್ತಿತ್ತು. ಮೊದಲ ಪುಟಗಳಲ್ಲಿ ರಾಕೆಟ್ಟು, ಬಾಂಬು, ಏಡಿಯಂಥ ಶತ್ರು. ನಾಲ್ಕನೆಯ ಪುಟದಿಂದ ಮುಂದೆ ಕನ್ನಡದ ಅಕ್ಷರಗಳು.

ಅಲ್ಲಿ ನಾವು ಬಹಳ ಹೊತ್ತು ನಿಂತೆವು. ನಮ್ಮ ವರ್ಣಮಾಲೆ ಐವತ್ತರ ಆಸುಪಾಸಿನದು, ಯಂತ್ರ ಕೊಡುವುದು 21. ಎಂಟು ಚುಕ್ಕಿಯ ಎತ್ತರದಲ್ಲಿ ಇಂಗ್ಲಿಷಿನ ಏ ಆರಾಮವಾಗಿ ಕೂರುತ್ತದೆ; ಕನ್ನಡದ ಅಕ್ಷರಕ್ಕೆ ತಲೆಕಟ್ಟು ಬೇಕು, ಹೊಟ್ಟೆ ಬೇಕು, ಒತ್ತಕ್ಷರ ಬಂದರೆ ಕೆಳಗೆ ಕಾಲು ಚಾಚಲು ಜಾಗ ಬೇಕು. ಮಕ್ಕಳು 'ಕ' ಬರೆಯಲು ಮೂರು ಸಲ ಯತ್ನಿಸಿ ಕಾಟು ಹೊಡೆದಿದ್ದಾರೆ. 'ಆ' ಎರಡು ಚೌಕ ತಿಂದಿದೆ. 'ಗ' ಕೂತಿದೆ, 'ರ' ಕೂತಿದೆ. ಎಲ್ಲಕ್ಕಿಂತ ಚೆನ್ನಾಗಿ ಕೂತಿರುವುದು 'ಠ': ದುಂಡನೆಯ ದೇಹ, ಮೇಲೊಂದು ತಲೆಕಟ್ಟು, ನಡುವೆ ಒಂದೇ ಚುಕ್ಕಿ. ಪಕ್ಕದಲ್ಲಿ ಮಗುವಿನ ಕೈಬರಹದಲ್ಲಿ ಮರಾಠಿಯಲ್ಲಿ 'ಹಾರುವ ತಟ್ಟೆ' ಎಂಬ ಅರ್ಥದ ಟಿಪ್ಪಣಿ.

(ಇಂದು ಅಂತರ್ಜಾಲದಲ್ಲಿ ಲೋಕದವರೆಲ್ಲ ಎರಡು 'ಠ'ಗಳ ನಡುವೆ ಗೆರೆಯೆಳೆದು ಅಸಮ್ಮತಿಯ ದುರುಗುಟ್ಟುವ ಕಣ್ಣುಗಳನ್ನು ಬರೆಯುತ್ತಾರೆ, ಅದು ಕನ್ನಡದ ಅಕ್ಷರವೆಂದು ಅವರಲ್ಲಿ ಎಷ್ಟು ಜನರಿಗೆ ಗೊತ್ತೋ. ಆ ಮಕ್ಕಳು ಅದನ್ನು ಕಣ್ಣಾಗಿಯಲ್ಲ, ವಿಮಾನವಾಗಿ ಕಂಡಿದ್ದರು, ಅಷ್ಟೇ ವ್ಯತ್ಯಾಸ.)

ಅದೇ 1988ರಲ್ಲಿ, ಇದೇ ಪುಣೆಯಲ್ಲಿ, ಸಿ-ಡ್ಯಾಕ್ ಸಂಸ್ಥೆ ಆರಂಭವಾಯಿತು. ಕಾನ್ಪುರದ ಐಐಟಿಯಲ್ಲಿ ಮೊಳೆತ ಜಿಸ್ಟ್ ತಂತ್ರಜ್ಞಾನ ಇಲ್ಲಿ ಬೆಳೆದು, ಕನ್ನಡವೂ ಸೇರಿ ಭಾರತೀಯ ಲಿಪಿಗಳು ಕಂಪ್ಯೂಟರ್ ಪರದೆಯ ಮೇಲೆ ಬರುವಂತಾಯಿತು. ಇಸ್ಕಿ ಎಂಬ ಸಂಕೇತವ್ಯವಸ್ಥೆ 1991ರಲ್ಲಿ ಭಾರತೀಯ ಮಾನಕವಾಯಿತು. ಆ ಚರಿತ್ರೆ ದಾಖಲಾಗಿದೆ, ದಾಖಲಾಗಲೇಬೇಕು. ಅದೇ ಊರಿನ ಇನ್ನೊಂದು ಮನೆಯಲ್ಲಿ, ಇಂಥದೊಂದು ಸಂಸ್ಥೆಯಿದೆಯೆಂದು ಕೇಳಿಯೂ ಇರದ ಇಬ್ಬರು ಮಕ್ಕಳು ಪೆನ್ಸಿಲ್ ಹಿಡಿದು ಅದೇ ಗಂಟನ್ನು ಬಿಡಿಸಲು ಕೂತಿದ್ದರು. ಅವರ ಕೆಲಸ ಎಲ್ಲಿಯೂ ದಾಖಲಾಗಿಲ್ಲ. ರದ್ದಿವಾಲಾನ ತಕ್ಕಡಿಯಲ್ಲಿ ಅದರ ತೂಕ ನೂರೈವತ್ತು ಗ್ರಾಂ ಇದ್ದೀತು.

ಆಟವಿದ್ದ ಕ್ಯಾಸೆಟ್ಟನ್ನು ಹುಡುಕುವುದು ಬೇರೆ ಕಥೆ. ಮಕ್ಕಳಿಗೆ ಖಾಲಿ ಕ್ಯಾಸೆಟ್ ಸಿಗುತ್ತಿರಲಿಲ್ಲವೆಂದು ತೋರುತ್ತದೆ. ಅಪ್ಪನ ಭಾವಗೀತೆಯ ಕ್ಯಾಸೆಟ್ಟೊಂದರ ಮೇಲಂಚಿನ ಗುಳಿಗೆ ಕಾಗದ ತುರುಕಿ, ಕೊನೆಯ ಹಾಡಿನ ಮೇಲೆಯೇ ತಮ್ಮ ಆಟವನ್ನು ಮುದ್ರಿಸಿಬಿಟ್ಟಿದ್ದರು. ಹಾಡು ಎರಡನೆಯ ಚರಣಕ್ಕೆ ಬರುತ್ತಿದ್ದಂತೆ ಥಟ್ಟನೆ ಕಡಿದು, ಕಿವಿ ಕೊರೆಯುವ ಕೀಚಲು ದನಿ ಶುರುವಾಗುತ್ತದೆ. ಆ ಕೀಚಲೇ ಆಟ. ಅಪ್ಪ ಏನೆಂದರೋ ಕೇಳೋಣವೆಂದರೆ ಅವರಿಲ್ಲ.

ಅದನ್ನು ಯಂತ್ರಕ್ಕೆ ಕೇಳಿಸಿದೆವು. ಪರದೆಯ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟೆಗಳು, ಆಮೇಲೆ ನೀಲಿ-ಹಳದಿ ಪಟ್ಟೆಗಳು ಓಡಿದವು. ಕೊನೆಯಲ್ಲಿ ಟೇಪ್ ಲೋಡಿಂಗ್ ಎರರ್ ಎಂಬ ಸಂದೇಶ. ಆ ಕಾಲದ ಎಷ್ಟೋ ಸಂಜೆಗಳನ್ನು ಕೊಂದ ಸಂದೇಶವದು. ಟೇಪಿನ ಹೆಡ್ಡಿನ ತಿರುಪನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ, ದನಿ ತೀಕ್ಷ್ಣವಾಗುವುದನ್ನು ಕಿವಿಯಿಂದಲೇ ಅಳೆಯುತ್ತ ಹೋಗಬೇಕು. ತಂಬೂರಿ ಶ್ರುತಿ ಮಾಡಿದ ಹಾಗೆ. ಆರನೆಯ ಸಲಕ್ಕೆ ಒಪ್ಪಿತು. ಕೂಡಲೇ ಲ್ಯಾಪ್‌ಟಾಪಿಗೂ ಅದನ್ನು ಧ್ವನಿಕಡತವಾಗಿ ಇಳಿಸಿಕೊಂಡೆವು.

ಕಪ್ಪು ಆಕಾಶ. ಮೇಲಿನಿಂದ ಎರಡು ಸಾಲು 'ಠ'ಗಳು ಒಂದೊಂದೇ ಚೌಕ ಕುಪ್ಪಳಿಸುತ್ತ ಇಳಿದು ಬರುತ್ತವೆ. ಕೆಳಗೆ ನಮ್ಮ ರಾಕೆಟ್. ಬೇಸಿಕ್ ಭಾಷೆಯಲ್ಲಿ ಬರೆದದ್ದಾದ್ದರಿಂದ ಎಲ್ಲವೂ ಆಮೆ ನಡಿಗೆ. ಆದರೆ ಅರ್ಧದಷ್ಟು 'ಠ'ಗಳು ಉದುರಿದ ಮೇಲೆ ಉಳಿದವು ಚುರುಕಾದವು. ಕೊನೆಯದೊಂದು ಅಕ್ಷರಶಃ ಧಾವಿಸಿ ಬಂತು. ಮಕ್ಕಳು ಬೇಕೆಂದು ಮಾಡಿದ್ದಲ್ಲ. ಶತ್ರುಗಳು ಕಡಿಮೆಯಾದಂತೆ ಕಾರ್ಯಕ್ರಮದ ಸುತ್ತು ಬೇಗ ಮುಗಿಯುತ್ತದೆ, ಅಷ್ಟೇ. ಟೋಕಿಯೋದಲ್ಲಿ ನಿಶಿಕಾಡೊ ಎಡವಿದ ಕಲ್ಲನ್ನೇ ಕೋಥರೂಡಿನ ಮಕ್ಕಳೂ ಎಡವಿ, ಅವರಂತೆಯೇ ಅದನ್ನು ಅಲ್ಲಿಯೇ ಬಿಟ್ಟಿದ್ದರು. ರಾಕೆಟ್ ಸುಟ್ಟುಹೋದಾಗ ಪರದೆಯ ಮೇಲೆ ರೋಮನ್ ಅಕ್ಷರಗಳಲ್ಲಿ "ಅಯ್ಯೋ! ಇನ್ನೊಮ್ಮೆ?" ಎಂದು ಬರುತ್ತದೆ.

ಈ ಆಟದ ಇನ್ನೊಂದು ಪ್ರತಿ ಲೋಕದ ಯಾವ ಸಂಗ್ರಹದಲ್ಲಿಯೂ ಇಲ್ಲ. ಇರುವುದು ಸಾಧ್ಯವೂ ಇಲ್ಲ. ನಮ್ಮ ಮಾತಿನ ತಿರುಳು ಇಷ್ಟೇ. ಮಾರಾಟವಾದ ಆಟಗಳನ್ನು ಕಾಯುವವರಿದ್ದಾರೆ. ಮನೆಯಲ್ಲಿ ಹುಟ್ಟಿದ್ದನ್ನು ಕಾಯಬೇಕಾದವರು ಮನೆಯವರೇ. ಅಯಸ್ಕಾಂತದ ಪಟ್ಟಿ ತಾಳೆಗರಿಯಲ್ಲ. ಮಳೆಗಾಲದ ಬೂಷ್ಟು ಅದನ್ನು ಶತಮಾನಗಟ್ಟಲೆ ಉಳಿಯಗೊಡುವುದಿಲ್ಲ. ಶುಕ್ರವಾರ ಪೇಟೆಯ ರಾಜಾ ದಿನಕರ ಕೇಳಕರ್ ವಸ್ತುಸಂಗ್ರಹಾಲಯಕ್ಕೆ ಊರಿಂದ ಬಂದ ನೆಂಟರನ್ನೆಲ್ಲ ನಾವು ಕರೆದೊಯ್ಯುತ್ತೇವೆ. ಕವಿಯೂ ಆಗಿದ್ದ ದಿನಕರ ಕೇಳಕರರು ತೀರಿಹೋದ ತಮ್ಮ ಮಗ ರಾಜಾನ ನೆನಪಿಗೆ ಕಟ್ಟಿದ ಸಂಗ್ರಹ ಅದು. ಅಡಕೊತ್ತು, ದೀಪ, ಮಸಿಕುಡಿಕೆಗಳನ್ನು ಅವರು ಆರಿಸಿ ತಂದ ಕಾಲಕ್ಕೆ ಅವೂ ಅಟ್ಟದ ಸಾಮಾನುಗಳೇ ಆಗಿದ್ದವು. ನೆಂಟರು ಅಡಕೊತ್ತಿನ ಮುಂದೆ ನಿಂತು ಬೆರಗಾಗುತ್ತಾರೆ, ನಾವೂ ಆಗುತ್ತೇವೆ, ಮನೆಗೆ ಬಂದು ಹಳೆಯ ಕ್ಯಾಸೆಟ್ಟುಗಳನ್ನು ಕಿಲೋ ಲೆಕ್ಕದಲ್ಲಿ ಮಾರುತ್ತೇವೆ.

ಹೊರನಾಡಿನ ಕನ್ನಡದ ಚರಿತ್ರೆಯೆಂದರೆ ಸಂಘಗಳ ವಾರ್ಷಿಕೋತ್ಸವ, ಸ್ಮರಣ ಸಂಚಿಕೆ, ಸನ್ಮಾನದ ಪಟ್ಟಿ ಎಂದು ನಾವು ಬರೆಯುತ್ತ ಬಂದಿದ್ದೇವೆ. ಅಲ್ಲಿ ಮಕ್ಕಳು ಬರುವುದು ನೃತ್ಯಕ್ಕೆ, ಪ್ರಾರ್ಥನೆಗೆ. ಯಾರೂ ಹೇಳದೆ, ಯಾವ ಬಹುಮಾನಕ್ಕೂ ಅಲ್ಲದೆ, ಒಂದು ಮಗು ಕನ್ನಡದ ಅಕ್ಷರವನ್ನು ಎಂಟು ಚೌಕಗಳಲ್ಲಿ ಹಿಡಿದಿಡಲು ಒದ್ದಾಡಿದ ಮಧ್ಯಾಹ್ನ ಆ ಚರಿತ್ರೆಯ ಭಾಗವಲ್ಲವೆಂದಾದರೆ ನಾವು ಯಾವುದನ್ನು ಕಾಪಾಡುತ್ತಿದ್ದೇವೆ? ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ಮನೆ ಖಾಲಿ ಮಾಡುವಾಗ ಕ್ಯಾಸೆಟ್ಟುಗಳನ್ನು ಒಮ್ಮೆ ಕೊನೆಯವರೆಗೂ ಕೇಳಿ. ಹಾಡಿನ ನಡುವೆ ಕೀಚಲು ಬಂದರೆ ಎಸೆಯಬೇಡಿ. ಚೌಕಳಿ ನೋಟ್‌ಬುಕ್ ಸಿಕ್ಕರೆ ಪುಟ ಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ದುಬಾರಿ ಕೆಲಸವಲ್ಲ.

ಅಕ್ಕನಿಗೆ ಫೋನಿನಲ್ಲಿ ಆಟದ ವಿಡಿಯೋ ಕಳಿಸಿದೆವು. ಅವರು ಈಗ ದೂರದ ಊರಿನಲ್ಲಿದ್ದಾರೆ. ಕನ್ನಡ ಓದುವುದು ತಡವರಿಸಿ. ಮರಳಿ ಬರೆದದ್ದು ಒಂದೇ ಸಾಲು: ಬಿ ಬದಿಯಲ್ಲಿ ತಮ್ಮನ ಆಟವಿದೆ, ಅದರಲ್ಲಿ 'ರ' ಗುಂಡು ಹಾರಿಸುತ್ತದೆ.

ಬಿ ಬದಿ ಇನ್ನೂ ಲೋಡ್ ಆಗಿಲ್ಲ. ನಮ್ಮ ಹಿರಿಯ ಸದಸ್ಯರು ಕಳೆದ ಭಾನುವಾರ ಸ್ಕ್ರೂಡ್ರೈವರನ್ನು ತಾವೇ ತೆಗೆದುಕೊಂಡು, ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೂತಿದ್ದರು. ಕಥಾವಾಚನ ಮುಂದಿನ ತಿಂಗಳಿಗೆ ಹೋಗಿದೆ.