ಗದ್ದಲವಿಲ್ಲದ ಮಗುವಿನ ತೊಂದರೆ

ಕಳೆದ ತಿಂಗಳು ಓದುಗ ತಾಯಿಯೊಬ್ಬರಿಂದ ನಮಗೆ ನಾಲ್ಕು ಪುಟಗಳ ಪತ್ರವೊಂದು ಬಂದಿತು. ಅವರ ಮಗಳು ಐದನೆಯ ತರಗತಿಯಲ್ಲಿ ಓದುತ್ತಿರುವಳು. ಹಟವಿಲ್ಲ, ಜಗಳವಿಲ್ಲ, ಕೂರಿಸಿದಲ್ಲಿ ಕೂರುವ ಮಗು. ಆದರೆ ಕೂಡಿಸುವ ಲೆಕ್ಕವನ್ನು ಕಳೆಯುವಳು, ಕಳೆಯುವ ಲೆಕ್ಕವನ್ನು ಅರ್ಧಕ್ಕೆ ಬಿಡುವಳು. ಈ ಒಂದು ವರ್ಷದಲ್ಲಿ ಮೂರು ನೀರಿನ ಬಾಟಲಿ, ಎರಡು ಕಂಪಾಸು ಪೆಟ್ಟಿಗೆ ಶಾಲೆಯಲ್ಲಿಯೇ ಉಳಿದು ಹೋಗಿವೆ. ಅಡುಗೆಮನೆಯಿಂದ ಎಣ್ಣೆ ತಾ ಎಂದರೆ ಹೋದವಳು ಕಿಟಕಿಯ ಬಳಿ ನಿಂತುಬಿಡುವಳು. "ಶಾಲೆಯ ಅಕ್ಕೋರು ಬಹಳ ಒಳ್ಳೆಯ ಹುಡುಗಿ ಎನ್ನುತ್ತಾರೆ, ಅಂಕ ಮಾತ್ರ ಬರುವುದಿಲ್ಲ. ನಮ್ಮ ಅತ್ತೆಯವರು ಇವಳು ಮಬ್ಬು ಎನ್ನುತ್ತಾರೆ. ನನ್ನ ಮೈದುನ ಇದು ಎ.ಡಿ.ಎಚ್.ಡಿ. ಇರಬಹುದು, ಡಾಕ್ಟರಿಗೆ ತೋರಿಸಿ ಎನ್ನುತ್ತಾನೆ. ಅದು ಕುಣಿದಾಡುವ ಗಂಡುಮಕ್ಕಳಿಗೆ ಇರುವ ತೊಂದರೆಯಲ್ಲವೆ? ಹೆಣ್ಣುಮಗುವನ್ನು ಮನೋವೈದ್ಯರ ಬಳಿಗೆ ಕರೆದೊಯ್ದರೆ ನಾಳೆ ಜನ ಏನೆಂದಾರು?" ಎಂದು ಅವರು ಕೇಳಿರುವರು.

ಮೈದುನನ ಊಹೆ ಸರಿಯೋ ತಪ್ಪೋ ನಾವು ಹೇಳಲಾರೆವು. ಅದನ್ನು ಮಗುವನ್ನು ನೋಡಿದ ವೈದ್ಯರೇ ಹೇಳಬೇಕು. ಆದರೆ 'ಕುಣಿದಾಡುವ ಮಕ್ಕಳ ತೊಂದರೆ' ಎಂಬ ಮಾತಿದೆಯಲ್ಲ, ಅದು ಆ ತಾಯಿಯೊಬ್ಬರದಲ್ಲ. ಬಹುಕಾಲ ವೈದ್ಯರೂ ಹಾಗೆಯೇ ತಿಳಿದಿದ್ದರು.

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೈನ್ರಿಶ್ ಹಾಫ್‌ಮನ್ ಎಂಬ ವೈದ್ಯರು ತಮ್ಮ ಮೂರು ವರ್ಷದ ಮಗನಿಗಾಗಿ ಬರೆದ ಚಿತ್ರಪದ್ಯಗಳ ಪುಸ್ತಕವೊಂದು 1845ರಲ್ಲಿ ಅಚ್ಚಾಯಿತು. ಅದರ ನಂತರದ ಆವೃತ್ತಿಗಳಲ್ಲಿ ಇಬ್ಬರು ಹುಡುಗರ ಕಥೆಗಳು ಸೇರಿದವು. ಒಬ್ಬನು ಫಿಲಿಪ್. ಊಟದ ಮೇಜಿನ ಮುಂದೆ ಕುರ್ಚಿಯನ್ನು ತೂಗಾಡಿಸುತ್ತ ಕೊನೆಗೆ ಮೇಜಿನ ಬಟ್ಟೆಯನ್ನೇ ಹಿಡಿದೆಳೆದು, ಊಟವನ್ನೆಲ್ಲ ನೆಲದ ಪಾಲು ಮಾಡುವವನು. ಇನ್ನೊಬ್ಬನು ಹಾನ್ಸ್. ಆಕಾಶ ನೋಡುತ್ತ ಶಾಲೆಗೆ ನಡೆಯುವವನು. ಎದುರಿಗೆ ಬಂದ ನಾಯಿಗೆ ಡಿಕ್ಕಿ ಹೊಡೆದು ಬೀಳುವನು. ಮತ್ತೊಂದು ದಿನ ದಂಡೆಯ ಅರಿವಿಲ್ಲದೆ ನದಿಗೇ ಕಾಲಿಡುವನು. ಅವನನ್ನು ಮೇಲೆತ್ತುವರು, ಶಾಲೆಯ ಚೀಲ ತೇಲಿಹೋಗುವುದು. ಇಂದಿನ ವೈದ್ಯರು ಈ ಇಬ್ಬರಲ್ಲಿ ಒಂದೇ ತೊಂದರೆಯ ಎರಡು ರೂಪಗಳನ್ನು ಕಾಣುವುದುಂಟು. ಫಿಲಿಪ್‌ನದು ಅತಿಚಟುವಟಿಕೆ, ಹಾನ್ಸ್‌ನದು ಗಮನದ ಕೊರತೆ.

ಆದರೆ ವೈದ್ಯಶಾಸ್ತ್ರದ ಕಣ್ಣಿಗೆ ಮೊದಲು ಬಿದ್ದವನು ಫಿಲಿಪ್ಪನೇ. 1968ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಈ ತೊಂದರೆಗೆ ಕೊಟ್ಟ ಹೆಸರಿನಲ್ಲಿ ಅತಿಚಲನೆಯ ಮಾತಿತ್ತೇ ಹೊರತು ಗಮನದ ಸುಳಿವಿರಲಿಲ್ಲ. 1970ರ ದಶಕದಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಡಗ್ಲಸ್ ಅವರು, ಈ ಮಕ್ಕಳ ಮೂಲ ಕಷ್ಟ ಓಡಾಟವಲ್ಲ, ಗಮನವನ್ನು ಒಂದೆಡೆ ಹಿಡಿದು ನಿಲ್ಲಿಸುವುದು ಮತ್ತು ಆವೇಗವನ್ನು ತಡೆಯುವುದು ಎಂದು ತೋರಿಸಿದರು. 1980ರ ಕೈಪಿಡಿಯಲ್ಲಿ 'ಅತಿಚಟುವಟಿಕೆ ಇರುವ ಗಮನ ಕೊರತೆ', 'ಅತಿಚಟುವಟಿಕೆ ಇಲ್ಲದ ಗಮನ ಕೊರತೆ' ಎಂದು ಎರಡು ಬಗೆಗಳಾದವು. 1987ರಲ್ಲಿ ಈ ಎರಡನೆಯದನ್ನು ಮತ್ತೆ ಮೂಲೆಗೆ ಸರಿಸಿದರು! 1994ರಲ್ಲಿ ಅದು ತನ್ನ ಸ್ಥಾನಕ್ಕೆ ಮರಳಿತು. 2013ರಿಂದೀಚೆಗೆ ಇವನ್ನು ಬೇರೆ ಬೇರೆ ಜಾತಿಗಳೆಂದು ಕರೆಯದೆ, ಒಂದೇ ತೊಂದರೆಯು ತೋರುವ ರೂಪಗಳೆಂದು ಹೇಳುತ್ತಾರೆ. ಏಕೆಂದರೆ ಆರನೆಯ ವಯಸ್ಸಿನಲ್ಲಿ ಮನೆ ಎತ್ತಿಹಾಕುತ್ತಿದ್ದ ಹುಡುಗನು ಹದಿನಾಲ್ಕರ ಹೊತ್ತಿಗೆ ಸುಮ್ಮನೆ ಕುಳಿತಿರಬಹುದು. ಕಾಲು ನಿಂತರೂ ಮನಸ್ಸು ನಿಂತಿರುವುದಿಲ್ಲ.

ವ್ಯತ್ಯಾಸ ತಿಳಿಯಬೇಕಾದರೆ ತರಗತಿಯ ಒಳಗೆ ನೋಡಬೇಕು. ಅತಿಚಟುವಟಿಕೆಯ ಮಗು ಎದ್ದು ಓಡಾಡುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವುದು, ತನ್ನ ಸರದಿ ಕಾಯಲಾರದು. ಮೊದಲ ವಾರದಲ್ಲಿಯೇ ಮಾಸ್ತರರು ತಂದೆಯನ್ನು ಕರೆಸುವರು. ಗಮನದ ಕೊರತೆಯ ಮಗು ಯಾರ ಪಾಠವನ್ನೂ ಕೆಡಿಸದು. ಅದರ ಕಣ್ಣು ಕರಿಹಲಗೆಯ ಮೇಲಿರುವುದು, ಮನಸ್ಸು ಎಲ್ಲಿಯೋ ಇರುವುದು. ಗೊತ್ತಿರುವ ಲೆಕ್ಕದಲ್ಲಿಯೇ ಚಿಹ್ನೆ ತಪ್ಪಿ ಓದುವುದು, ನೇರವಾಗಿ ಮಾತನಾಡಿಸಿದರೂ ಕೇಳದಂತಿರುವುದು, ಹಿಡಿದ ಕೆಲಸ ಮುಗಿಸದಿರುವುದು, ಯಾವುದು ಮೊದಲು ಯಾವುದು ನಂತರ ಎಂಬ ಕ್ರಮ ಕಟ್ಟಲಾರದಿರುವುದು, ದೀರ್ಘವಾದ ಬರವಣಿಗೆಯನ್ನು ಕಂಡರೆ ಹಿಂಜರಿಯುವುದು, ವಸ್ತು ಕಳೆಯುವುದು, ಮರೆಯುವುದು ಇವೇ ಅದರ ಲಕ್ಷಣಗಳು. ಇವುಗಳಲ್ಲಿ ಒಂದೂ ಇನ್ನೊಬ್ಬರಿಗೆ ಉಪದ್ರವವಲ್ಲ. ಆದುದರಿಂದಲೇ ದೂರು ಬರುವುದಿಲ್ಲ; ದೂರಿಲ್ಲದ ಮಗುವನ್ನು ಯಾರೂ ವೈದ್ಯರ ಬಳಿಗೆ ಒಯ್ಯುವುದಿಲ್ಲ.

ಹೆಣ್ಣುಮಕ್ಕಳಲ್ಲಿ ಈ ಮೌನರೂಪವೇ ಹೆಚ್ಚಾಗಿ ಕಾಣುವುದು. ಎ.ಡಿ.ಎಚ್.ಡಿ. ಇದೆಯೆಂದು ಗುರುತಿಸಲ್ಪಟ್ಟ ಮಕ್ಕಳಲ್ಲಿ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳ ಸುಮಾರು ಎರಡರಷ್ಟು. ಇದರಲ್ಲಿ ಎಷ್ಟು ಭಾಗ ನಿಸರ್ಗದ್ದು, ಎಷ್ಟು ಭಾಗ ನಮ್ಮ ಅಲಕ್ಷ್ಯದ್ದು ಎಂದು ಯೋಚಿಸಬೇಕಾಗಿದೆ. ಸುಮ್ಮನಿರುವ ಹುಡುಗಿಯನ್ನು ನಮ್ಮ ಮನೆಗಳಲ್ಲಿ ಗುಣವಂತೆ ಎನ್ನುವರು. ಅಂಕ ಕಡಿಮೆಯಾದರೆ ಓದು ಹತ್ತಲಿಲ್ಲ ಎನ್ನುವರು. ಅಲ್ಲಿಗೆ ವಿಚಾರಣೆ ಮುಗಿಯಿತು.

ಇದನ್ನು ಇತರರ ಮನೆಯ ಮಾತೆಂಬಂತೆ ಬರೆಯುವ ಹಕ್ಕು ನಮಗಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ಅಕ್ಕನ ಮಗಳು ಹೈಸ್ಕೂಲು ಓದಲೆಂದು ನಮ್ಮ ಮನೆಯಲ್ಲಿ ಇದ್ದಳು. ಸಂಜೆ ಅವಳಿಗೆ ಪಾಠ ಹೇಳುವವರು ನಾವೇ. ಎರಡು ಗಂಟೆ ಪುಸ್ತಕ ತೆರೆದು ಕುಳಿತರೂ ಪುಟ ತಿರುಗುತ್ತಿರಲಿಲ್ಲ. ಆದರೆ ಅದೇ ಹುಡುಗಿ ರಂಗೋಲಿಗೆ ಕುಳಿತರೆ ಊಟದ ನೆನಪೂ ಇರುತ್ತಿರಲಿಲ್ಲ. ಅಲ್ಲಿ ನಿಲ್ಲುವ ಲಕ್ಷ್ಯ ಇಲ್ಲೇಕೆ ನಿಲ್ಲದು, ಇದು ಶುದ್ಧ ಸೋಮಾರಿತನ ಎಂದು ನಾವು ತೀರ್ಮಾನಿಸಿದೆವು. ಹಲವು ಸಲ ಬೈದೆವು, ಒಮ್ಮೆ ಕೈ ಕೂಡ ಮಾಡಿದೆವು. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಉಳಿಯಿತು. "ಇವಳಿಗೆ ಓದು ಸಾಕು, ವರ ನೋಡಿರಿ" ಎಂದು ಅಕ್ಕನಿಗೆ ಪತ್ರ ಬರೆದವರೂ ನಾವೇ.

2019ರಲ್ಲಿ ಅವಳ ಮಗನನ್ನು, ಆಗ ಅವನಿಗೆ ಒಂಬತ್ತು ವರ್ಷ, ಪರೀಕ್ಷೆಗೆ ಕರೆದೊಯ್ದರು. ವೈದ್ಯರು ಒಂದೊಂದೇ ಪ್ರಶ್ನೆ ಕೇಳುತ್ತ ಹೋದಂತೆ ತಾಯಿಯೇ ಅಳಲಾರಂಭಿಸಿದಳಂತೆ. ಈ ತೊಂದರೆ ವಂಶದಲ್ಲಿ ಹರಿದುಬರುವುದು ಸಾಮಾನ್ಯ. ಮಗನದು ತಿಳಿದ ಮೇಲೆ ತಾಯಿಯದೂ ತಿಳಿಯಿತು. ಅಂದು ರಾತ್ರಿ ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: "ಮಾಮಾ, ಆಗ ನಾ ಬೇಕಂತ ಹಂಗ ಮಾಡ್ತಿರಲಿಲ್ರಿ." ನಾವು ಅವಳನ್ನು ದಂಡಿಸುತ್ತಿದ್ದ ಕಾಲಕ್ಕೆ ಆ ತೊಂದರೆಗೆ ದೂರದೇಶದ ಪುಸ್ತಕಗಳಲ್ಲಿ ಹೆಸರಿತ್ತು. ಅದು ನಮ್ಮ ಮನೆಯವರೆಗೆ ಬಂದಿರಲಿಲ್ಲ.

ರಂಗೋಲಿಯ ವಿಷಯಕ್ಕೆ ಉತ್ತರ ಈಗ ತಿಳಿದಿದೆ. ಈ ಮಕ್ಕಳಲ್ಲಿ ಗಮನವೇ ಇಲ್ಲವೆಂದಲ್ಲ, ಅದನ್ನು ಬೇಕಾದ ಕಡೆಗೆ ಬೇಕಾದಷ್ಟು ಹೊತ್ತು ನಡೆಸುವ ಶಕ್ತಿ ದುರ್ಬಲವಾಗಿರುವುದು. ತಾನಾಗಿ ಸೆಳೆಯುವ ಕೆಲಸ, ಕೂಡಲೇ ಫಲ ಕಾಣುವ ಕೆಲಸವಿದ್ದರೆ ಗಮನ ನಿಲ್ಲುವುದು. ಬೇಸರದ ಕೆಲಸದಲ್ಲಿ ಜಾರುವುದು. ಆದುದರಿಂದ 'ಟಿ.ವಿ. ಮುಂದೆ ಎರಡು ಗಂಟೆ ಕೂರುತ್ತದಲ್ಲ' ಎಂಬ ವಾದದಿಂದ ತೊಂದರೆ ಇಲ್ಲವೆಂದು ಸಿದ್ಧವಾಗದು. ಬುದ್ಧಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಚುರುಕುಬುದ್ಧಿಯ ಮಗು ನಾಲ್ಕನೆಯ ತರಗತಿಯವರೆಗೆ ಹೇಗೋ ಸಾಗಿಸಿಕೊಂಡು ಹೋಗುವುದು. ಮುಂದೆ ವಿಷಯಕ್ಕೊಬ್ಬ ಶಿಕ್ಷಕರು ಬಂದು, ಟಿಪ್ಪಣಿ, ಮನೆಗೆಲಸ, ಪರೀಕ್ಷೆಗಳ ಲೆಕ್ಕ ತಾನೇ ಇಡಬೇಕಾದಾಗ ಒಮ್ಮೆಲೇ ಕುಸಿಯುವುದು. ನಮಗೆ ಪತ್ರ ಬರೆದವರ ಮಗಳೂ ಐದನೆಯ ತರಗತಿಯಲ್ಲಿರುವುದನ್ನು ಗಮನಿಸಬೇಕು.

ಹಾಗೆಂದು ಕಿಟಕಿಯ ಹೊರಗೆ ನೋಡುವ ಮಕ್ಕಳಿಗೆಲ್ಲ ಈ ಹೆಸರು ಹಚ್ಚುವುದು ಇನ್ನೊಂದು ಅನ್ಯಾಯ. ಹೇಳಿದ ಬಗೆಯ ಒಂಬತ್ತು ಲಕ್ಷಣಗಳಲ್ಲಿ ಆರಾದರೂ ಆರು ತಿಂಗಳ ಕಾಲ ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು, ಹನ್ನೆರಡು ವರ್ಷದೊಳಗೆ ಆರಂಭವಾಗಿರಬೇಕು, ಮಗುವಿನ ನಿತ್ಯಜೀವನಕ್ಕೆ ಅಡ್ಡಿಯಾಗಿರಬೇಕು ಎಂದು ವೈದ್ಯರು ನೋಡುವರು. ಕಿವಿ ಮಂದವಿದ್ದರೂ, ಹಲಗೆಯ ಅಕ್ಷರ ಕಾಣದಿದ್ದರೂ, ರಕ್ತಹೀನತೆಯಿದ್ದರೂ, ಗಂಟಲ ಗ್ರಂಥಿ ಊದಿ ರಾತ್ರಿ ನಿದ್ರೆ ಕೆಟ್ಟರೂ ಮಗು ಮಂಕಾಗಿ ಕಾಣಬಹುದು. ಮನೆಯಲ್ಲಿ ನಿತ್ಯ ಜಗಳವಿದ್ದರೂ ಹಾಗೆಯೇ. ಇನ್ನೊಂದನ್ನು ವಿಶೇಷವಾಗಿ ಹೇಳಬೇಕು: ಮಗು ಮಾತಿನ ನಡುವೆಯೇ ಕೆಲವು ಸೆಕೆಂಡು ಸ್ತಬ್ಧವಾಗಿ, ಭುಜ ಮುಟ್ಟಿದರೂ ಎಚ್ಚರಗೊಳ್ಳದೆ, ಮತ್ತೆ ಏನೂ ಆಗದಂತೆ ಮುಂದುವರಿದರೆ ಅದು ಹಗಲುಗನಸಲ್ಲದೆ ಮೂರ್ಛೆರೋಗದ ಒಂದು ಬಗೆಯಾಗಿರಬಹುದು. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಔಷಧವಿದೆ.

ತೋರಿಸುವುದೆಲ್ಲಿ? ಮೊದಲು ಮಕ್ಕಳ ತಜ್ಞರಲ್ಲಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿರುವರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು. ರಕ್ತಪರೀಕ್ಷೆಯಿಂದಲೋ ತಲೆಯ ಚಿತ್ರದಿಂದಲೋ ಇದು ಗೊತ್ತಾಗುವುದಿಲ್ಲ. ತಾಯಿತಂದೆ ಮತ್ತು ಶಿಕ್ಷಕರು ಹೇಳುವ ವಿವರಗಳೇ ಮುಖ್ಯ. ಆದುದರಿಂದ ಹೋಗುವಾಗ ಹಿಂದಿನ ವರ್ಷಗಳ ನೋಟುಬುಕ್ಕು, ಅಂಕಪಟ್ಟಿ ಮತ್ತು ಸಾಧ್ಯವಾದರೆ ಶಾಲೆಯ ಅಕ್ಕೋರು ಬರೆದ ಒಂದು ಪುಟವನ್ನು ಒಯ್ಯಬೇಕು.

ಔಷಧದ ಹೆಸರು ಕೇಳಿ ಹೆದರುವವರು ಬಹಳ. ಮಿಥೈಲ್‌ಫೆನಿಡೇಟ್ ಎಂಬುದು ದಶಕಗಳಿಂದ ಬಳಕೆಯಲ್ಲಿರುವ ಔಷಧ. ಓಡಾಟವಿಲ್ಲದ ರೂಪಕ್ಕೂ ನೆರವಾಗುವುದು. ಹಸಿವು ಕುಗ್ಗಬಹುದು, ನಿದ್ರೆ ತಡವಾಗಬಹುದು, ಆದುದರಿಂದ ತೂಕ ಎತ್ತರಗಳನ್ನು ವೈದ್ಯರು ನೋಡುತ್ತಿರಬೇಕಾಗುವುದು. ಎಲ್ಲ ಮಕ್ಕಳಿಗೂ ಅದು ಬೇಕಾಗದು. ತೀರ ಚಿಕ್ಕ ಮಕ್ಕಳಿಗೆ ತಾಯಿತಂದೆಯರ ತರಬೇತಿಯೇ ಮೊದಲ ಚಿಕಿತ್ಸೆ.

ಮನೆಯಲ್ಲಿ ಮಾಡಬೇಕಾದುದು ಹೇಗೂ ಇದ್ದೇ ಇದೆ. ಅಡುಗೆಮನೆಯಿಂದ ಕೂಗಿ ಹೇಳದೆ, ಹತ್ತಿರ ಹೋಗಿ, ಮುಖ ನೋಡಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು. 'ಮುಖ ತೊಳೆದು, ಚೀಲ ತುಂಬಿ, ಬಾಟಲಿ ತೆಗೆದುಕೊಂಡು ಬಾ' ಎಂದರೆ ಮೂರರಲ್ಲಿ ಎರಡು ಗಾಳಿಗೆ ಹೋಗುವವು. ಶಾಲೆಗೆ ಒಯ್ಯುವ ವಸ್ತುಗಳ ಪಟ್ಟಿ ಬಾಗಿಲ ಮೇಲೆ ಮಗುವಿನ ಕಣ್ಣಿನ ಎತ್ತರದಲ್ಲಿರಲಿ. ಮನೆಗೆಲಸವನ್ನು ಹತ್ತು ಹದಿನೈದು ನಿಮಿಷಗಳ ತುಂಡು ಮಾಡಿ, ನಡುವೆ ಎದ್ದು ಓಡಾಡಲು ಬಿಡಬೇಕು. ಮುಗಿಸಿದ ಕೂಡಲೇ ಮೆಚ್ಚುಗೆಯ ಮಾತು ಬರಬೇಕು. ತಿಂಗಳ ಕೊನೆಗೆ ಕೊಡುವ ಸೈಕಲ್ಲಿನ ಆಸೆ ಈ ಮಕ್ಕಳಿಗೆ ಬಲು ದೂರ. ಶಾಲೆಯಲ್ಲಿ ಕಿಟಕಿಯಿಂದ ದೂರ, ಮುಂದಿನ ಸಾಲಿನಲ್ಲಿ ಜಾಗ ಕೇಳಿರಿ. ಇಂಥ ಹಲವು ಮಕ್ಕಳಿಗೆ ಓದುಬರಹದ ಕಲಿಕಾನ್ಯೂನತೆಯೂ ಜೊತೆಗಿರುವುದುಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದು ಸೇರಿದೆ, ಎ.ಡಿ.ಎಚ್.ಡಿ. ಪ್ರತ್ಯೇಕವಾಗಿ ಸೇರಿಲ್ಲ. ಆದುದರಿಂದ ಎರಡನ್ನೂ ಪರೀಕ್ಷಿಸಲು ಕೇಳಬೇಕು.

ಇನ್ನು, ಜನ ಏನೆಂದಾರು ಎಂಬ ಮಾತು. ಜನ ಈಗಾಗಲೇ ಮಾತನಾಡಿದ್ದಾರೆ, ತಾಯಿ. ಮಬ್ಬು ಎಂಬ ಹೆಸರನ್ನು ನಿಮ್ಮ ಮನೆಯಲ್ಲಿಯೇ ಇಟ್ಟಾಗಿದೆ, ಆ ಮಗು ಅದನ್ನು ದಿನವೂ ಕೇಳುತ್ತಿದೆ. ವೈದ್ಯರು ಬೇರೆ ಹೆಸರು ಹೇಳಬಹುದು, ಯಾವ ಹೆಸರೂ ಬೇಡವೆನ್ನಲೂಬಹುದು. ನಿಮ್ಮ ಅತ್ತೆಯವರನ್ನೂ ಜೊತೆಗೆ ಕರೆದೊಯ್ಯುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಈ ಮಾತನ್ನೇ ನಾವು ಅವರಿಗೆ ಉತ್ತರವಾಗಿ ಬರೆದು ಮೂರು ವಾರಗಳಾದವು. ಎರಡನೆಯ ಪತ್ರ ಇನ್ನೂ ಬಂದಿಲ್ಲ. ಬಂದರೆ, ಅವರ ಒಪ್ಪಿಗೆಯಿದ್ದಲ್ಲಿ, ಮುಂದಿನ ಸಂಚಿಕೆಯಲ್ಲಿ ತಿಳಿಸುವೆವು.