ಬಸ್ಕಿಯ ಋಣ

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂಟ್ವಾಳದ ನಮ್ಮ ಮನೆಗೂ ಬಂದಿದ್ದ. ಬೆಂಗಳೂರಿನಲ್ಲಿ ಉದ್ಯೋಗ, ವಯಸ್ಸು ನಲವತ್ತು ದಾಟಿದೆ. ಮೂರು ವರ್ಷಗಳಿಂದ ಬೆಳಗಿನ ಓಟದ ಹವ್ಯಾಸ ಹಿಡಿದಿದೆ. ಹತ್ತು ಕಿಲೋಮೀಟರ್ ಓಡಿದ ಪದಕಗಳೂ ಇವೆಯಂತೆ. ಆದರೆ ಹೊರಡುವಾಗ ನಮ್ಮ ಜಗಲಿಯ ನಾಲ್ಕು ಮೆಟ್ಟಿಲು ಇಳಿಯಲು ಕಂಬ ಹಿಡಿದುಕೊಂಡ.

"ಮೊಣಕಾಲು ನೋವು ಸರ್. ದಿನಾ ಬಸ್ಕಿ ಹೊಡೆಯಲಿಕ್ಕೆ ಹೇಳಿದ್ದಾರೆ ಡಾಕ್ಟ್ರು. ಎಂಟನೇ ಕ್ಲಾಸಿನಲ್ಲಿ ನೀವು ಐವತ್ತು ಹೊಡೆಸಿದ್ದೀರಿ, ನೆನಪುಂಟಾ? ಇನ್ನು ಜನ್ಮದಲ್ಲಿ ಬಸ್ಕಿ ಹೊಡೆಯುವುದಿಲ್ಲ ಅಂತ ಅವತ್ತೇ ನಿಶ್ಚಯ ಮಾಡಿದ್ದೆ."

ಇಬ್ಬರೂ ನಕ್ಕೆವು. ಅವನು ಹೋದ ಮೇಲೆ ನನಗೆ ನಗು ಬರಲಿಲ್ಲ.

ಬಿ.ಎಡ್. ಮಾಡಿದ ನಾನು ವ್ಯಾಯಾಮವನ್ನು ಮಕ್ಕಳಿಗೆ ಪರಿಚಯಿಸಿದ್ದು ಶಿಕ್ಷೆಯಾಗಿ. ಮನೆಪಾಠ ಬರೆಯದವನಿಗೆ ಬಸ್ಕಿ, ತಡವಾಗಿ ಬಂದವನಿಗೆ ಬಸ್ಕಿ. ಅಷ್ಟು ಸಾಲದೆಂಬಂತೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರವಾದಾಗ ಪಾಠ ಮುಗಿಸಲು ದೈಹಿಕ ಶಿಕ್ಷಣದ ಅವಧಿಯನ್ನೂ ಕೇಳಿ ಪಡೆಯುತ್ತಿದ್ದೆ. ಓಟಕ್ಕೆ ಮಾತ್ರ ವಾರ್ಷಿಕ ಕ್ರೀಡಾಕೂಟದ ಚಪ್ಪಾಳೆಯಿತ್ತು. ಹಾಗಾಗಿ ನಮ್ಮ ಮಕ್ಕಳ ಮನಸ್ಸಿನಲ್ಲಿ ಓಟವು ಸಂತೋಷವಾಗಿಯೂ ಸ್ನಾಯುಗಳ ಕಸರತ್ತು ಅವಮಾನವಾಗಿಯೂ ಉಳಿದುಬಿಟ್ಟಿತು. ಇಂದು ಓಡುವ ನನ್ನ ಶಿಷ್ಯರಲ್ಲಿ ಹೆಚ್ಚಿನವರು ಓಡುತ್ತಾರೆ, ಅಷ್ಟೇ. ಅದು ಸಾಲದು ಎಂಬುದೇ ಈ ಬರಹದಲ್ಲಿ ನನ್ನ ವಾದ.

ನಮ್ಮ ಕಂಬಳದ ಓಟಗಾರರನ್ನು ನೆನೆಯಿರಿ. 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಮೂಡುಬಿದಿರೆ ಸಮೀಪದ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಮುಗಿಸಿದರು. ದೇಶವೆಲ್ಲ ಉಸೇನ್ ಬೋಲ್ಟ್ ಹೆಸರು ಹಿಡಿದು ಕುಣಿಯಿತು. ಕೋಣಗಳ ಸೆಳೆತವಿರುವ ಓಟವನ್ನು ಟ್ರ್ಯಾಕಿನ ಓಟದ ಪಕ್ಕದಲ್ಲಿಡುವುದು ಲೆಕ್ಕಕ್ಕೆ ಕೂಡದ ಮಾತು. ಗೌಡರೇ ಆ ಹೋಲಿಕೆಯನ್ನು ಒಪ್ಪಲಿಲ್ಲ. ನನ್ನ ಕಣ್ಣು ಬಿದ್ದದ್ದು ಬೇರೆಡೆಗೆ. ಅವರು ಆಗ ಕಟ್ಟಡ ಕೆಲಸ ಮಾಡುತ್ತಿದ್ದವರು. ಕಲ್ಲು, ಸಿಮೆಂಟು ಹೊರುವ ದೇಹಕ್ಕೆ ಶಕ್ತಿಯ ಕಸರತ್ತು ದುಡಿಮೆಯಲ್ಲೇ ಸಿಗುತ್ತದೆ. ಕುರ್ಚಿಯಲ್ಲಿ ಕುಳಿತು ದುಡಿಯುವವನಿಗೆ ಅದು ಎಲ್ಲಿಂದ ಬರಬೇಕು?

ನಮ್ಮ ಮನೆಗಳಲ್ಲೂ ಅದು ಒಂದು ಕಾಲಕ್ಕೆ ತಾನಾಗಿ ನಡೆಯುತ್ತಿತ್ತು. ಬಾವಿಯಿಂದ ನೀರು ಸೇದುವುದು, ಒನಕೆ, ರುಬ್ಬುವ ಕಲ್ಲು, ನೆಲದ ಮೇಲೆ ಊಟ, ಕುಕ್ಕರಗಾಲಿನ ಶೌಚ. ಪಂಪು, ಮಿಕ್ಸಿ, ಮೇಜು, ಕಮೋಡು ಬಂದವು, ಬರಲೇಬೇಕಿತ್ತು. ನನ್ನ ತಾಯಿಯ ಕಷ್ಟವನ್ನು ಕಂಡ ನಾನು ರುಬ್ಬುವ ಕಲ್ಲನ್ನು ಕೊಂಡಾಡಲಾರೆ. ಆದರೆ ಅದರೊಡನೆ ಹೋದ ತೊಡೆಯ ಬಲಕ್ಕೆ ನಾವು ಬದಲಿ ಏರ್ಪಾಡು ಮಾಡಲಿಲ್ಲ.

ಓಡುವಾಗ ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಅದನ್ನು ತಡೆದುಕೊಳ್ಳಬೇಕಾದವು ತೊಡೆ, ಪೃಷ್ಠ, ಮೀನಖಂಡಗಳ ಸ್ನಾಯುಗಳು. ಓಟ ಶುರುಮಾಡಿದ ಕೆಲವೇ ವಾರಗಳಲ್ಲಿ ಉಸಿರು ಪಳಗುತ್ತದೆ. ಸ್ನಾಯುರಜ್ಜುಗಳು ಪಳಗಲು ತಿಂಗಳುಗಳು ಬೇಕು. ಉತ್ಸಾಹಿಯು ಉಸಿರಿನ ಮಾತು ಕೇಳಿ ದೂರ ಹೆಚ್ಚಿಸುತ್ತಾನೆ, ಮೊಣಕಾಲು ದಂಡ ತೆರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನೋ 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನೋ ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಸೇರಿಸುತ್ತದೆ. ನನ್ನಂಥ 65 ದಾಟಿದವರಿಗೆ ವಾರದಲ್ಲಿ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕಂತೆ.

ಜಿಮ್ಮಿಗೆ ಹೋಗಲು ನನಗೆ ಸಂಕೋಚ. ವಾರಕ್ಕೆ ಮೂರು ಬೆಳಗು ನೇತ್ರಾವತಿಯ ದಡದ ಕಡೆಗೆ ನಿಧಾನವಾಗಿ ಓಡುತ್ತೇನೆ. ನನ್ನ ಓಟವನ್ನು ದಾರಿಯ ನಾಯಿಗಳೂ ಗಂಭೀರವಾಗಿ ಪರಿಗಣಿಸುವುದಿಲ್ಲ. ನಡುವಿನ ಎರಡು ದಿನ ಜಗಲಿಯಲ್ಲಿ ಇಪ್ಪತ್ತು ನಿಮಿಷ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಅದು ಸುಲಭವಾದ ಮೇಲೆ ಕುಚ್ಚಲಕ್ಕಿಯ ಐದು ಕಿಲೋ ಚೀಲವನ್ನು ಎದೆಗವಚಿಕೊಂಡು ಅದನ್ನೇ ಮಾಡುವುದು. ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆಗೆ ಕೈಯೂರಿ ದಂಡ. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುತ್ತೇನೆ. ನನ್ನ ಮನೆಯವಳು ಕೊಕ್ಕರೆ ಎನ್ನುತ್ತಾಳೆ. ಉಸಿರು ಬಿಗಿಹಿಡಿಯಬಾರದು. ಮರುದಿನದ ಮೈಕೈ ನೋವು ಸಹಜ, ಕೀಲಿನ ಚುಚ್ಚುನೋವು ಸಹಜವಲ್ಲ. ಹೃದಯದ ತೊಂದರೆಯಿದ್ದವರು ಮೊದಲು ವೈದ್ಯರನ್ನು ಕೇಳತಕ್ಕದ್ದು. ನಮ್ಮ ಮಳೆಗಾಲದಲ್ಲಂತೂ ಪಾಚಿ ಹಿಡಿದ ಅಂಗಳದಲ್ಲಿ ನಡೆಯುವುದೇ ಸಾಹಸ; ಆ ತಿಂಗಳುಗಳಲ್ಲಿ ಓಟ ತಪ್ಪಿದರೂ ಜಗಲಿಯ ಈ ಪಾಠ ತಪ್ಪುವುದಿಲ್ಲ.

ಓಟವನ್ನು ಬಿಡಿರೆಂದು ನಾನು ಯಾರಿಗೂ ಹೇಳುತ್ತಿಲ್ಲ. ನಾಲ್ಕು ದಿನ ಓಡುವವರು ಒಂದು ದಿನದ ಓಟವನ್ನು ಬಸ್ಕಿಗೆ ಕೊಡಲಿ ಎನ್ನುತ್ತೇನೆ. ಎರಡನ್ನೂ ಒಂದೇ ದಿನ ಮಾಡಬೇಕಾದರೆ ಮೊದಲು ಓಟ, ಆಮೇಲೆ ಕಸರತ್ತು.

ಮೊನ್ನೆ ಆ ಶಿಷ್ಯ ಫೋನು ಮಾಡಿದ್ದ. ಮೆಟ್ಟಿಲು ಇಳಿಯಲು ಈಗ ಗೋಡೆ ಬೇಡವಂತೆ. "ದಿನ ಬಿಟ್ಟು ದಿನ ಮೂವತ್ತು ಹೊಡೆಯುತ್ತಿದ್ದೇನೆ ಸರ್" ಎಂದ.

"ಒಳ್ಳೆಯದಾಯಿತು ಮಾರಾಯ, ಕಿವಿ ಮಾತ್ರ ಹಿಡಿದುಕೊಳ್ಳಬೇಡ" ಎಂದೆ.