ವಿದ್ಯಾರ್ಥಿವೇತನವೋ, ರಿಯಾಯಿತಿ ಮಾರಾಟವೋ?

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಗುಬ್ಬಿ ಕಡೆಯ ತೆಂಗು ಬೆಳೆಗಾರರೊಬ್ಬರು ಮೊದಲ ಬಸ್ಸಿಗೇ ತುಮಕೂರಿಗೆ ಬಂದು ನಮ್ಮ ಮನೆಯ ಬಾಗಿಲು ತಟ್ಟಿದರು. ಅವರ ಮಗಳು ಪಿಯುಸಿಯಲ್ಲಿ ಶೇ 95ಕ್ಕೂ ಹೆಚ್ಚು ಅಂಕ ಪಡೆದಿದ್ದಳು. ಬೆಂಗಳೂರಿನ ಹೊರವಲಯದಲ್ಲಿರುವ ಖಾಸಗಿ ವಿಶ್ವವಿದ್ಯಾಲಯವೊಂದು ಅವಳಿಗೆ ‘ಮೆರಿಟ್ ಸ್ಕಾಲರ್‌ಷಿಪ್’ ಘೋಷಿಸಿ ಪತ್ರ ಕಳುಹಿಸಿತ್ತು. ಬೋಧನಾ ಶುಲ್ಕದಲ್ಲಿ ಅರ್ಧದಷ್ಟು ವಿನಾಯಿತಿ. ಆದರೆ ಹತ್ತು ದಿನಗಳೊಳಗೆ ಹಣ ಕಟ್ಟಿ ಸೀಟು ಖಚಿತಪಡಿಸಬೇಕು.

‘ಮೇಷ್ಟ್ರೇ, ಅರ್ಧಕ್ಕರ್ಧ ಬಿಟ್ಟಿದಾರೆ. ಮಗಳ ಹೆಸರನ್ನ ಎಷ್ಟು ಚೆನ್ನಾಗಿ ಅಚ್ಚು ಹಾಕ್ಸಿದಾರೆ ನೋಡಿ. ಕಟ್ಟಿಬಿಡ್ಲಾ?’ ಎಂದು ಅವರು ಕೇಳಿದರು. ಅವರ ದನಿಯಲ್ಲಿದ್ದ ಹೆಮ್ಮೆಯನ್ನು ನೋಯಿಸಲು ನನಗೆ ಮನಸ್ಸಾಗಲಿಲ್ಲ. ಆದರೂ ‘ಸ್ವಲ್ಪ ತಾಳಿ’ ಎಂದೆ. ಹಾಗೆನ್ನಲು ನನಗೆ ಕಾರಣವಿತ್ತು.

ಮೂರು ದಶಕಗಳ ಕಾಲ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬೋಧಿಸಿದವನು ನಾನು. ಬೆಲೆ ಎಂದರೇನು, ಬೇಡಿಕೆ ಎಂದರೇನು ಎಂದು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟ ನಾನೇ ಹತ್ತು ವರ್ಷಗಳ ಹಿಂದೆ ಇಂಥದೇ ಪತ್ರವೊಂದನ್ನು ಕಂಡು ಹಿಗ್ಗಿ, ಮಗನನ್ನು ಬೇರೊಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಿಸಿದ್ದೆ. ಎರಡನೆಯ ಸೆಮಿಸ್ಟರ್‌ನಲ್ಲಿ ಅವನಿಗೆ ಕಾಮಾಲೆಯಾಯಿತು. ವರ್ಷದ ಕೊನೆಯಲ್ಲಿ ಸರಾಸರಿ ಅಂಕ 7.9. ಪತ್ರದ ಹಿಂಬದಿಯಲ್ಲಿದ್ದ ಸಣ್ಣ ಅಕ್ಷರಗಳ ಷರತ್ತಿನಂತೆ ಬೇಕಿದ್ದುದು 8. ವಿದ್ಯಾರ್ಥಿವೇತನ ರದ್ದಾಯಿತು, ಉಳಿದ ಮೂರು ವರ್ಷವೂ ಪೂರ್ತಿ ಶುಲ್ಕ ಕಟ್ಟಿದೆವು.

ಹಣ ಹೋದದ್ದಕ್ಕಿಂತ ಹೆಚ್ಚು ನೋಯಿಸಿದ್ದು ಮತ್ತೊಂದು ಸಂಗತಿ. ಈ ವಿಷಯವನ್ನು ಅವನು ಎರಡು ತಿಂಗಳು ನಮ್ಮಿಂದ ಮುಚ್ಚಿಟ್ಟಿದ್ದ. ಕೊನೆಗೆ ಹೇಳಿದಾಗ ಅವನು ಬಳಸಿದ ಮಾತು ‘ಅಪ್ಪ, ನನ್ನ ಮೆರಿಟ್ ಹೋಯ್ತು’ ಎಂದು. ಸಂಸ್ಥೆಯೊಂದು ತಾನೇ ಇಟ್ಟ ಬೆಲೆಯಲ್ಲಿ ಕೊಟ್ಟಿದ್ದ ರಿಯಾಯಿತಿಯನ್ನು ಹಿಂತೆಗೆದುಕೊಂಡರೆ, ಹತ್ತೊಂಬತ್ತು ವರ್ಷದ ಹುಡುಗ ಅದನ್ನು ತನ್ನ ಯೋಗ್ಯತೆಯ ಮೇಲಿನ ತೀರ್ಪೆಂದು ತಿಳಿದಿದ್ದ.

ಪದಗಳ ಬಳಕೆಯಲ್ಲೇ ಇಲ್ಲಿ ದೊಡ್ಡ ಗೊಂದಲವಿದೆ. ವಿದ್ಯಾರ್ಥಿವೇತನ ಎಂದಾಗ ನಮ್ಮ ಮನಸ್ಸಿಗೆ ಬರುವ ಚಿತ್ರವೇ ಬೇರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರಿಗೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ನೆರವಾದದ್ದು ಮೈಸೂರು ಸರ್ಕಾರ. ಓದು ಮುಗಿಸಿ ಅವರು ಸೇರಿದ್ದು ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು. ಮುಖ್ಯ ಎಂಜಿನಿಯರ್ ಆಗಿ ಮೈಸೂರಿಗೆ ಮರಳಿದ್ದು 1909ರಲ್ಲಿ. ವಾರಾನ್ನ ಉಂಡು, ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಉಳಿದು ಓದಿದವರ ಕಥೆಗಳಂತೂ ನಾಡಿನ ಊರೂರುಗಳಲ್ಲಿವೆ. ಈ ನೆರವುಗಳಲ್ಲೆಲ್ಲ ಒಂದು ಸಮಾನ ಅಂಶವಿದೆ. ಹಣವಾಗಲಿ, ಅನ್ನವಾಗಲಿ ವಿದ್ಯಾರ್ಥಿಯನ್ನು ಅನುಸರಿಸಿ ಹೋಗುತ್ತಿತ್ತು; ಅವನು ಎಲ್ಲಿ ಓದಬೇಕೆಂದು ಬಯಸಿದನೋ ಅಲ್ಲಿಗೆ ಅವನನ್ನು ತಲುಪಿಸುತ್ತಿತ್ತು.

ಖಾಸಗಿ ವಿಶ್ವವಿದ್ಯಾಲಯದ ಮೆರಿಟ್ ಸ್ಕಾಲರ್‌ಷಿಪ್ ಇದಕ್ಕೆ ತದ್ವಿರುದ್ಧ. ಅದು ವಿದ್ಯಾರ್ಥಿಗೆ ಅಂಟಿಕೊಂಡಿರುವುದಿಲ್ಲ, ಸೀಟಿಗೆ ಅಂಟಿಕೊಂಡಿರುತ್ತದೆ. ಬೆಲೆ ನಿಗದಿಪಡಿಸುವವರೂ ಅವರೇ, ಅದರಲ್ಲಿ ಇಷ್ಟು ಬಿಟ್ಟೆವೆಂದು ಹೇಳುವವರೂ ಅವರೇ. ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಅನುದಾನರಹಿತ ಖಾಸಗಿ ಸಂಸ್ಥೆಗಳಿಗೆ ಶುಲ್ಕ ನಿಗದಿಯಲ್ಲಿ ಸ್ವಾತಂತ್ರ್ಯವಿದೆ ಎಂದು ಒಪ್ಪಿತು. ಲಾಭಕೋರತನ ಸಲ್ಲದು ಎಂದೂ ಹೇಳಿತು. ಆ ಸ್ವಾತಂತ್ರ್ಯದ ಫಲವಾಗಿ ಇಂದು ಮುದ್ರಿತ ಶುಲ್ಕ ಒಂದು, ವಿದ್ಯಾರ್ಥಿ ನಿಜವಾಗಿ ಕಟ್ಟುವ ಶುಲ್ಕ ಮತ್ತೊಂದು. ಹಬ್ಬದ ಸಮಯದಲ್ಲಿ ಜವಳಿ ಅಂಗಡಿಯವರು ಬೆಲೆಚೀಟಿಯ ಮೇಲೆ ಕೆಂಪು ಗೆರೆ ಎಳೆಯುತ್ತಾರಲ್ಲ, ಅದನ್ನು ನಾವು ಬಹುಮಾನವೆಂದು ಭ್ರಮಿಸುವುದಿಲ್ಲ. ಇಲ್ಲಿ ಮಾತ್ರ ಭ್ರಮಿಸುತ್ತೇವೆ.

ರಿಯಾಯಿತಿ ಪಡೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ರಿಯಾಯಿತಿಯಂತೆಯೇ ಅಳೆದು ನೋಡಬೇಕು ಎನ್ನುತ್ತಿದ್ದೇನೆ. ಅಂದು ಆ ತೆಂಗು ಬೆಳೆಗಾರರ ಮುಂದೆ ಹಾಳೆಯೊಂದನ್ನು ಹರವಿ ಲೆಕ್ಕ ಹಾಕಿದೆ. ಲೆಕ್ಕ ಸುಲಭವಾಗಲೆಂದು ವಾರ್ಷಿಕ ಬೋಧನಾ ಶುಲ್ಕ 3 ಲಕ್ಷ ರೂಪಾಯಿ, ವಸತಿ ಮತ್ತು ಊಟಕ್ಕೆ ವರ್ಷಕ್ಕೆ 1.25 ಲಕ್ಷ ಎಂದಿಟ್ಟುಕೊಂಡೆವು. ನಾಲ್ಕು ವರ್ಷಕ್ಕೆ ಒಟ್ಟು 17 ಲಕ್ಷ. ವಿನಾಯಿತಿ ಕೊನೆಯತನಕ ಉಳಿದರೆ 11 ಲಕ್ಷ. ಮೊದಲ ವರ್ಷದ ನಂತರ ತಪ್ಪಿಹೋದರೆ 15.5 ಲಕ್ಷ. ಅಂದರೆ ‘ಅರ್ಧ’ ಎಂದು ಕೇಳಿಸಿದ್ದು ಒಟ್ಟು ವೆಚ್ಚದಲ್ಲಿ ಶೇ 9ಕ್ಕೂ ಕಡಿಮೆ. ವರ್ಷ ವರ್ಷವೂ ಏರಬಹುದಾದ ಶುಲ್ಕ, ಪರೀಕ್ಷಾ ಶುಲ್ಕ, ಪ್ರಯೋಗಾಲಯ, ಲ್ಯಾಪ್‌ಟಾಪ್, ಬಸ್ಸು ಇವುಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವರು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಾ ಕುಳಿತರು.

ಪೋಷಕರು ಗಮನಿಸಬೇಕಾದ ಮೊದಲ ಸಂಗತಿ ಇದು: ಕುಟುಂಬ ಸಿದ್ಧವಾಗಬೇಕಾದದ್ದು 11 ಲಕ್ಷಕ್ಕಲ್ಲ, 15.5 ಲಕ್ಷಕ್ಕೆ. ವಿನಾಯಿತಿ ತಪ್ಪಿದರೂ ಓದು ಮುಂದುವರಿಸಬಲ್ಲೆವು ಎನ್ನುವವರು ಮಾತ್ರ ಧೈರ್ಯವಾಗಿ ಆ ಪತ್ರಕ್ಕೆ ಸಹಿ ಹಾಕಬಹುದು. ಉಳಿದವರ ಪಾಲಿಗೆ ಅದು ಮಗುವಿನ ಪ್ರತಿ ಸೆಮಿಸ್ಟರಿನ ಮೇಲೆ ಕಟ್ಟಿದ ಪಣ.

ಎರಡನೆಯದು ಷರತ್ತಿನ ಸ್ವರೂಪ. ಸರಾಸರಿ 8 ಎಂಬುದು ಪಿಯುಸಿಯಲ್ಲಿ 95 ಪಡೆದವರಿಗೆ ಏನು ಮಹಾ ಎನಿಸುತ್ತದೆ. ಆದರೆ ಹಲವು ವಿಶ್ವವಿದ್ಯಾಲಯಗಳಲ್ಲಿ ಶ್ರೇಣಿ ನೀಡುವುದು ತರಗತಿಯ ಉಳಿದವರೊಡನೆ ಹೋಲಿಸಿ. ತರಗತಿಯ ತುಂಬ 95 ಪಡೆದವರೇ ಇದ್ದಾಗ ಅವರೆಲ್ಲರೂ ಮೇಲಿನ ಶ್ರೇಣಿಯಲ್ಲಿರುವುದು ಗಣಿತಕ್ಕೇ ಸಾಧ್ಯವಿಲ್ಲ. ಯಾರೂ ಸೋಮಾರಿಗಳಾಗದಿದ್ದರೂ, ಯಾರಿಗೂ ಕಾಮಾಲೆಯಾಗದಿದ್ದರೂ ಕೆಲವರ ವಿದ್ಯಾರ್ಥಿವೇತನ ಹೋಗಿಯೇ ತೀರುತ್ತದೆ. ಆದ್ದರಿಂದ ಷರತ್ತು ನಿಗದಿತ ಅಂಕದ್ದೋ, ಹೋಲಿಕೆಯ ಶ್ರೇಣಿಯದೋ, ಒಮ್ಮೆ ತಪ್ಪಿದರೆ ಮರಳಿ ಪಡೆಯಬಹುದೋ ಇಲ್ಲವೋ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಮೂರನೆಯದು ಗಡುವು. ಇಂಥ ಪತ್ರಗಳು ಸಿಇಟಿ ಸೀಟು ಹಂಚಿಕೆಗೆ ಮೊದಲೇ ಮನೆಗೆ ಬರುವುದು ಆಕಸ್ಮಿಕವಲ್ಲ. ಕೈಯಲ್ಲಿರುವ ಪತ್ರವನ್ನು ಇನ್ನೂ ಕಣ್ಣಿಗೆ ಕಾಣದ ಸೀಟಿನೊಡನೆ ಹೋಲಿಸುವಂತೆ ಮಾಡುವುದೇ ಅವಸರದ ಉದ್ದೇಶ. ರಾಜ್ಯದ ಹಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸಿಇಟಿ ಮೂಲಕ ತುಂಬುವ ಸರ್ಕಾರಿ ಕೋಟಾ ಸೀಟುಗಳಿವೆ. ‘ಮೆರಿಟ್’ ಪತ್ರ ಹಿಡಿದು ಬಂದವಳು ಅದೇ ಬೆಂಚಿನಲ್ಲಿ ಕೂತ, ಸಿಇಟಿ ಮೂಲಕ ಬಂದ ಗೆಳತಿಗಿಂತ ಹೆಚ್ಚು ಶುಲ್ಕ ಕಟ್ಟುವ ವಿಚಿತ್ರವೂ ಸಂಭವಿಸಬಹುದು. ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಕುಟುಂಬಗಳ ಮಕ್ಕಳಿಗೆ ಎಐಸಿಟಿಇ ಮಾನ್ಯತೆಯ ಕಾಲೇಜುಗಳಲ್ಲಿ ಶೇ 5ರಷ್ಟು ಹೆಚ್ಚುವರಿ ಸೀಟುಗಳನ್ನು ಬೋಧನಾ ಶುಲ್ಕವಿಲ್ಲದೆ ನೀಡುವ ಸೂಪರ್ ನ್ಯೂಮರರಿ ಕೋಟಾ ಇದೆ. ಹಳ್ಳಿಗಳ ಎಷ್ಟೋ ಪೋಷಕರಿಗೆ ಅದರ ಹೆಸರೂ ತಿಳಿದಿಲ್ಲ. ಅದನ್ನು ತಿಳಿಸಲು ಯಾರೂ ಬಣ್ಣದ ಪತ್ರ ಅಚ್ಚು ಹಾಕಿಸುವುದಿಲ್ಲ.

ಅವಸರಕ್ಕೆ ಬಲಿಯಾದವರಿಗೂ ದಾರಿಯಿದೆ. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮೊದಲೇ ಸೀಟು ಬಿಟ್ಟರೆ, 5,000 ರೂಪಾಯಿ ಮೀರದ ಸಂಸ್ಕರಣಾ ವೆಚ್ಚ ಮುರಿದುಕೊಂಡು ಉಳಿದ ಶುಲ್ಕವನ್ನು ಹಿಂದಿರುಗಿಸಬೇಕು, ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಹಣ ಕಟ್ಟಿಯಾಯಿತು, ಇನ್ನೇನು ಮಾಡುವುದು ಎಂದು ಕೈಚೆಲ್ಲುವ ಮುನ್ನ ಅದನ್ನು ಓದಿ ನೋಡಬೇಕು.

ಹಾಗೆಂದು ಎಲ್ಲ ಖಾಸಗಿ ಸಂಸ್ಥೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕುಟುಂಬದ ಆರ್ಥಿಕ ಸ್ಥಿತಿಯನ್ನು ಆಧರಿಸಿ ನೆರವು ನೀಡುತ್ತದೆ. ಒಳ್ಳೆಯ ಅಧ್ಯಾಪಕರು, ಸುಸಜ್ಜಿತ ಪ್ರಯೋಗಾಲಯ, ಸರ್ಕಾರಿ ಕಾಲೇಜಿನಲ್ಲಿ ಸಿಗದ ವಿಷಯ ಇವುಗಳಿಗಾಗಿ ಹೆಚ್ಚು ಹಣ ತೆರುವುದೂ ವಿವೇಕವೇ. ಆದರೆ ಆಯ್ಕೆಯ ಕಾರಣ ಆ ವಿಷಯ, ಆ ಅಧ್ಯಾಪಕರು ಆಗಿರಬೇಕು. ರಿಯಾಯಿತಿಯೇ ಕಾರಣವಾದರೆ, ರಿಯಾಯಿತಿ ಹೋದ ದಿನ ಅಲ್ಲಿ ಓದಲು ಕಾರಣವೇ ಉಳಿಯುವುದಿಲ್ಲ.

ಇದನ್ನು ಪೋಷಕರ ಜಾಣತನಕ್ಕಷ್ಟೇ ಬಿಟ್ಟರೆ ಸಾಲದು. ಅರ್ಥಶಾಸ್ತ್ರದ ಮೇಷ್ಟರೇ ಮೋಸಹೋದಮೇಲೆ ಕೊಬ್ಬರಿ ಮಾರಿ ಮಗಳನ್ನು ಓದಿಸುವವರ ಪಾಡೇನು? ಸರ್ಕಾರವಾಗಲಿ, ಯುಜಿಸಿಯಾಗಲಿ ಒಂದು ಸಣ್ಣ ನಿಯಮ ತರಲಿ. ವಿದ್ಯಾರ್ಥಿವೇತನದ ಹೆಸರಿನಲ್ಲಿ ಶುಲ್ಕ ವಿನಾಯಿತಿ ಪ್ರಕಟಿಸುವ ಪ್ರತಿಯೊಂದು ವಿಶ್ವವಿದ್ಯಾಲಯವೂ ಮೊದಲ ವರ್ಷ ಎಷ್ಟು ಮಂದಿಗೆ ಅದನ್ನು ಕೊಟ್ಟೆವು, ಅವರಲ್ಲಿ ಎಷ್ಟು ಮಂದಿ ಅಂತಿಮ ವರ್ಷದವರೆಗೆ ಉಳಿಸಿಕೊಂಡರು ಎಂಬ ಎರಡು ಅಂಕಿಗಳನ್ನು ಅದೇ ಪತ್ರದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಅಚ್ಚು ಹಾಕಲಿ. ಪ್ರಾಮಾಣಿಕ ಸಂಸ್ಥೆಗಳಿಗೆ ಇದರಿಂದ ನಷ್ಟವಿಲ್ಲ. ಬದಲಿಗೆ ಅವುಗಳ ಘನತೆ ಹೆಚ್ಚುತ್ತದೆ.

ಆ ತೆಂಗು ಬೆಳೆಗಾರರ ಪರವಾಗಿ ನಾವು ವಿಶ್ವವಿದ್ಯಾಲಯಕ್ಕೆ ನಾಲ್ಕು ಪ್ರಶ್ನೆಗಳನ್ನು ಬರೆದು ಕಳುಹಿಸಿದೆವು. ಮೂರಕ್ಕೆ ಸೌಜನ್ಯದ ಉತ್ತರ ಬಂತು. ಎಷ್ಟು ಮಂದಿ ಕೊನೆಯವರೆಗೆ ಉಳಿಸಿಕೊಂಡರು ಎಂಬ ನಾಲ್ಕನೆಯ ಪ್ರಶ್ನೆಗೆ ಉತ್ತರ ಬರಲೇ ಇಲ್ಲ. ಹುಡುಗಿ ಗಡುವನ್ನು ದಾಟಿಹೋಗಲು ಬಿಟ್ಟು ಸಿಇಟಿ ಹಂಚಿಕೆಗಾಗಿ ಕಾದಳು. ಬಯಸಿದ ವಿಭಾಗ ಸಿಗಲಿಲ್ಲ. ಎರಡನೆಯ ಆಯ್ಕೆಯ ವಿಭಾಗದಲ್ಲಿ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಓದುತ್ತಿದ್ದಾಳೆ. ಅದೇ ಸರಿಯಾದ ಆಯ್ಕೆಯೇ ಎಂದು ಕೇಳಿದರೆ ಕಾಲವೇ ಹೇಳಬೇಕು.

ಆದರೆ ಒಂದು ಮಾತು ನಿಜ. ಮುಂದೊಂದು ಸೆಮಿಸ್ಟರ್‌ನಲ್ಲಿ ಅವಳು ಕಾಯಿಲೆ ಬಿದ್ದರೆ ಒಂದಷ್ಟು ಅಂಕ ಹೋದೀತು, ಅಷ್ಟೆ. ಅಪ್ಪನಿಂದ ಎರಡು ತಿಂಗಳು ಮುಚ್ಚಿಡಬೇಕಾದಂಥ ಗುಟ್ಟು ಅವಳ ಬಳಿ ಇರುವುದಿಲ್ಲ.